ಮಳೆಗಾಲದ ಹಬ್ಬಗಳು: ಸಯನ್‌ನಲ್ಲಿ ಕರಾವಳಿಯ ಪಂಚಾಂಗ

ಮುಂಬಯಿಯ ನಕ್ಷೆಯಲ್ಲಿ ಸಯನ್ ಎಂದಿರುವ ಜಾಗವನ್ನು ಮರಾಠಿಯವರು ಶೀವ್ ಎನ್ನುತ್ತಾರೆ. ಶೀವ್ ಎಂದರೆ ಗಡಿ. ಸಂಸ್ಕೃತದ ಸೀಮಾ ಮರಾಠಿಯ ಬಾಯಲ್ಲಿ ಸವೆದು ಶೀವ್ ಆಯಿತು. ಕನ್ನಡದಲ್ಲಿ ಅದೇ ಮಾತು ಸೀಮೆಯಾಗಿ ಉಳಿದುಕೊಂಡಿತು. ಮುಂಬಯಿ ದ್ವೀಪ ಮುಗಿದು ಸಾಷ್ಟಿ ದ್ವೀಪ ಶುರುವಾಗುವುದು ಇಲ್ಲೇ. ಹದಿನೇಳನೇ ಶತಮಾನದಲ್ಲಿ ಈಚೆಗೆ ಇಂಗ್ಲಿಷರು, ಆಚೆಗೆ ಪೋರ್ಚುಗೀಸರು. ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ, 1669ರಿಂದ 1677ರ ನಡುವೆ, ಇಂಗ್ಲಿಷರು ಗುಡ್ಡದ ಮೇಲೆ ಕಟ್ಟಿಸಿದ ಕಾವಲು ಕೋಟೆಯ ಅವಶೇಷ ಇಂದಿಗೂ ಇದೆ.

ಗಡಿಯಲ್ಲಿ ನೆಲೆಸುವವರು ಸಾಮಾನ್ಯವಾಗಿ ತಡವಾಗಿ ಬಂದವರು. ಸಯನ್ ಸುತ್ತಲೂ ಅಂಥವರೇ ಇದ್ದಾರೆ. ಮೊದಲಿನಿಂದಲೂ ಇದ್ದ ಕೋಳಿಗಳ ಕೋಳಿವಾಡ, ದೇಶವಿಭಜನೆಯ ಮೇಲೆ ಬಂದ ಪಂಜಾಬಿ ಮತ್ತು ಸಿಂಧಿ ನಿರಾಶ್ರಿತರ ವಸತಿ, ಪಶ್ಚಿಮಕ್ಕೆ ಧಾರಾವಿಯ ತಮಿಳರ ಓಣಿಗಳು, ದಕ್ಷಿಣಕ್ಕೆ ಮಾಟುಂಗದ ತಮಿಳು ಅಗ್ರಹಾರ. ಜನವರಿಯಲ್ಲಿ ಒಂದು ಕಡೆ ಲೋಹ್ರಿಯ ಬೆಂಕಿ ಏಳುವ ಹೊತ್ತಿಗೆ ಇನ್ನೊಂದು ಕಡೆ ಬೀದಿಯಲ್ಲಿ ಪೊಂಗಲ್ ಮಡಕೆಗಳು ಸಾಲುಗಟ್ಟುತ್ತವೆ. ಶ್ರಾವಣದ ಹುಣ್ಣಿಮೆಗೆ ಕೋಳಿಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಈ ಎಲ್ಲದರ ನಡುವೆ, ಸಯನ್, ಕಿಂಗ್ಸ್ ಸರ್ಕಲ್, ವಡಾಲಗಳನ್ನು ಸೇರಿಸಿ ಗೆರೆ ಎಳೆದರೆ ಸಿಗುವ ತುಂಡು ನೆಲದಲ್ಲಿ, ಕರ್ನಾಟಕದ ಕರಾವಳಿಯವರು ಮಳೆಗಾಲದ ತಮ್ಮದೇ ಹಬ್ಬಸಾಲನ್ನು ಕಟ್ಟಿಕೊಂಡರು.

ಮಳೆಗಾಲ ಎಂಬ ಮಾತು ಇಲ್ಲಿ ಮುಖ್ಯ. ಈ ಹಬ್ಬಗಳು ಮುಂಬಯಿಯಲ್ಲಿ ಇಷ್ಟು ದೊಡ್ಡದಾಗಿ ಬೆಳೆದದ್ದಕ್ಕೆ ಭಕ್ತಿಯಷ್ಟೇ ಕಾರಣವಲ್ಲ. ಹವಾಮಾನವೂ ಒಂದು ಕಾರಣ.

ಹಡಗು ನಿಲ್ಲುತ್ತಿದ್ದ ತಿಂಗಳುಗಳು

ದಕ್ಷಿಣ ಕನ್ನಡದಿಂದ ಮುಂಬಯಿಗೆ ಇಂದು ಒಂದು ರಾತ್ರಿಯ ರೈಲು ಪ್ರಯಾಣ. ಆದರೆ ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರ ಜನವರಿ 26ರಂದು. ಅದಕ್ಕೂ ಮುಂಚೆ ಘಟ್ಟ ಹತ್ತಿ, ಬಯಲುಸೀಮೆ ದಾಟಿ, ಮತ್ತೆ ಘಟ್ಟ ಇಳಿಯುವ ದಾರಿ. ಇನ್ನೂ ಹಿಂದೆ ಹೋದರೆ ಕಡಲೇ ದಾರಿ. ಮಂಗಳೂರಿನಿಂದ ಬಂದರು ಬಂದರಿಗೆ ನಿಲ್ಲುತ್ತಾ ಹೋಗುವ ಉಗಿಹಡಗು, ಹಾಯಿಯ ಮಚ್ಚುವೆ. ಹೊಟೇಲು ಕೆಲಸಕ್ಕೆಂದು ಹೊರಟ ಹುಡುಗರು ಹೀಗೇ ಬಂದರು.

ಕಡಲದಾರಿಗೆ ಒಂದು ಕಟ್ಟುಪಾಡಿತ್ತು. ಮೇ ಕೊನೆಗೆ ಕಡಲು ಕೆದರಿತೆಂದರೆ ಅಳಿವೆಯ ಬಂದರುಗಳು ಮುಚ್ಚುತ್ತಿದ್ದವು. ಮತ್ತೆ ತೆರೆಯುವುದು ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ. ಈಗ ಪಂಚಾಂಗ ತೆರೆದು ನೋಡಬೇಕು. ನಾಗರಪಂಚಮಿ, ಅಷ್ಟಮಿ, ಚೌತಿ, ಹೊಸ ತೆನೆಯನ್ನು ಮನೆತುಂಬಿಸಿಕೊಳ್ಳುವ ಹಬ್ಬ, ಎಲ್ಲವೂ ಬರುವುದು ಈ ಮುಚ್ಚಿದ ತಿಂಗಳುಗಳಲ್ಲಿ ಅಥವಾ ಅದರ ಅಂಚಿನಲ್ಲಿ. ಊರಲ್ಲಿ ಮನೆಮಂದಿಯೆಲ್ಲ ಒಟ್ಟು ಸೇರುವ ಹೊತ್ತಿಗೇ ಮುಂಬಯಿಯವನಿಗೆ ಊರಿನ ಬಾಗಿಲು ಹಾಕಿರುತ್ತಿತ್ತು. ದೀಪಾವಳಿಗೆ ಹೋಗಬಹುದು, ಬೇಸಗೆಯ ಮದುವೆ-ಕೋಲಗಳಿಗೆ ಹೋಗಬಹುದು. ಚೌತಿಗೆ ಹೋಗುವುದು ಕಷ್ಟ.

ಹೋಗಲಾಗದ ಹಬ್ಬವನ್ನು ಇದ್ದಲ್ಲೇ ಮಾಡಬೇಕು. ಮಾಡಲು ಮನೆಯೂ ಇಲ್ಲ. ಹೊಟೇಲಿನ ಹುಡುಗ ಮಲಗುವುದು ಅದೇ ಹೊಟೇಲಿನ ನೆಲದ ಮೇಲೆ. ಬ್ಯಾಂಕಿನ ಗುಮಾಸ್ತ ನಾಲ್ಕು ಮಂದಿಯ ಜೊತೆ ಹಂಚಿಕೊಂಡ ಬಾಡಿಗೆ ಕೋಣೆಯಲ್ಲಿ. ಹೀಗಿರುವಾಗ ಹಬ್ಬಕ್ಕೆ ಸಂಘ ಬೇಕಾಯಿತು.

ಸಂಘಗಳು ಮುಂಚೆಯೇ ಇದ್ದವು. ಮೊಗವೀರರು 1902ರಲ್ಲೇ ಮುಂಬಯಿಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡಿದ್ದರು. ದಕ್ಷಿಣ ಕನ್ನಡದ ಬ್ರಾಹ್ಮಣರ ಬಿ.ಎಸ್.ಕೆ.ಬಿ. ಅಸೋಸಿಯೇಶನ್ 1925ರದ್ದು; ಸಯನ್‌ನ ಗೋಕುಲ ಅದರ ನೆಲೆ. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು, ಕರ್ನಾಟಕ ಸಂಘ 1933ರದ್ದು. ಮೂವತ್ತು ವರ್ಷಗಳಲ್ಲಿ ಆರು ಸಂಸ್ಥೆಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಜಾತಿಯ ಹೆಸರಿದೆ ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಮುಂಬಯಿಗೆ ಬಂದವರು ಹಡಗಿನಲ್ಲಿ ಒಟ್ಟಿಗೆ ಬಂದರೂ ಇಳಿದ ಮೇಲೆ ತಮ್ಮ ತಮ್ಮವರ ಕೋಣೆಗೇ ಹೋದರು. ಕೆಲಸ ಕೊಡಿಸಿದವನು, ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಕರೆದೊಯ್ದವನು ಜಾತಿಯವನೇ ಆಗಿರುತ್ತಿದ್ದ. ಹಬ್ಬಗಳೂ ಹಾಗೆಯೇ ಬೇರೆ ಬೇರೆ ಚಪ್ಪರಗಳಲ್ಲಿ ನಡೆದವು.

1955

ಸಾರ್ವಜನಿಕ ಗಣೇಶೋತ್ಸವ ಮುಂಬಯಿಗೆ ಹೊಸದಾಗಿರಲಿಲ್ಲ. ಗಿರಗಾಂವದ ಕೇಶವಜಿ ನಾಯಕ್ ಚಾಳಿನಲ್ಲಿ 1893ರಲ್ಲೇ ಅದು ಆರಂಭವಾಗಿತ್ತು. ಲೋಕಮಾನ್ಯ ತಿಲಕರು ಮನೆಯ ಗಣಪನನ್ನು ಬೀದಿಗೆ ಕರೆತಂದ ವರ್ಷ ಅದು. ಲಾಲ್‌ಬಾಗ್‌ನ ಗಣಪ 1934ರವನು. ಗಿರಗಾಂವ, ಲಾಲ್‌ಬಾಗ್, ಪರಳ್ ಅಂದರೆ ಗುಮಾಸ್ತರ ಮತ್ತು ಗಿರಣಿ ಕಾರ್ಮಿಕರ ಮುಂಬಯಿ. ದ್ವೀಪದ ಉತ್ತರ ತುದಿ ತುಂಬಿದ್ದು ಆಮೇಲೆ. 1896ರ ಪ್ಲೇಗು ಹಳೆಯ ಪಟ್ಟಣದ ಇಕ್ಕಟ್ಟಿನ ಓಣಿಗಳನ್ನು ಬಾಚಿಕೊಂಡು ಹೋದ ಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗ, ವಡಾಲ, ಸಯನ್‌ಗಳ ಹೊಲ-ಗದ್ದೆಗಳನ್ನು ಅದು ನಿವೇಶನಗಳಾಗಿ ವಿಂಗಡಿಸಿತು. ಅಗಲ ರಸ್ತೆ, ನಡುವೆ ದುಂಡನೆಯ ತೋಟ. ಆ ತೋಟವೇ ಕಿಂಗ್ಸ್ ಸರ್ಕಲ್, ಇಂದಿನ ಮಾಹೇಶ್ವರಿ ಉದ್ಯಾನ.

ಈ ಹೊಸ ಬಡಾವಣೆಗಳಿಗೆ ಬಂದವರು ತಿಂಗಳ ಸಂಬಳದ ದಕ್ಷಿಣದವರು. ಅವರ ಹಿಂದೆಯೇ ಅವರ ಊಟವೂ ಬಂತು. ಎ. ರಾಮ ನಾಯಕರು ಮಾಟುಂಗ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಬಾಳೆಲೆಯ ಮೇಲಿನ ಊಟ ಅಲ್ಲಿ ಇಂದಿಗೂ ಸಿಗುತ್ತದೆ. ಊಟ, ಕೋಣೆ, ಕೆಲಸ ಮೂರೂ ನಡೆದು ಹೋಗುವಷ್ಟು ಹತ್ತಿರ ಸಿಕ್ಕಿದ ಮೇಲೆ ನಾಲ್ಕನೆಯದಾಗಿ ದೇವರು ಬೇಕಾದ.

ಗೌಡ ಸಾರಸ್ವತ ಬ್ರಾಹ್ಮಣರ ಎರಡು ಗಣೇಶೋತ್ಸವಗಳು, ಕಿಂಗ್ಸ್ ಸರ್ಕಲ್‌ನ ಜಿ.ಎಸ್.ಬಿ. ಸೇವಾ ಮಂಡಲದ್ದು ಮತ್ತು ವಡಾಲದ ರಾಮಮಂದಿರದ್ದು, ಎರಡೂ ತಮ್ಮ ವರ್ಷಗಳನ್ನು ಎಣಿಸುವುದು 1955ರಿಂದ. ಆ ವರ್ಷದ ಮುಂಬಯಿ ಹೇಗಿತ್ತು ಎಂಬುದನ್ನು ನೆನಪಿಸಿಕೊಂಡರೆ ಇದರ ಅರ್ಥ ಸ್ವಲ್ಪ ಬದಲಾಗುತ್ತದೆ. ಆಗ ಕರ್ನಾಟಕ ಎಂಬ ರಾಜ್ಯವಿರಲಿಲ್ಲ. ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದ ಜಿಲ್ಲೆ. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ರಾಜ್ಯದವು. ರಾಜ್ಯ ಪುನರ್ವಿಂಗಡಣಾ ಆಯೋಗ ವರದಿ ಒಪ್ಪಿಸಿದ್ದು ಅದೇ ವರ್ಷದ ಸೆಪ್ಟೆಂಬರ್ 30ಕ್ಕೆ. ಮುಂಬಯಿ ಯಾರದ್ದು ಎಂಬ ಪ್ರಶ್ನೆ ಬೀದಿಗಿಳಿದು, ನವೆಂಬರ್‌ನಲ್ಲಿ ಫ್ಲೋರಾ ಫೌಂಟನ್ನಿನಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಮಹಾರಾಷ್ಟ್ರ ರಾಜ್ಯ ಬಂದದ್ದು 1960ರಲ್ಲಿ.

ಅಂಥ ಊರಿನಲ್ಲಿ ಹೊರಗಿನಿಂದ ಬಂದವರು ಬೀದಿಯಲ್ಲಿ ಮಾಡುವ ಹಬ್ಬವಾಗಿ ಗಣೇಶೋತ್ಸವ ಎಲ್ಲಕ್ಕಿಂತ ಹೆಚ್ಚು ಒಗ್ಗುವಂಥದ್ದು. ಅದು ಚಪ್ಪರದ ಒಳಗೆ ಊರಿನ ಹಬ್ಬ, ಹೊರಗೆ ಮುಂಬಯಿಯ ಹಬ್ಬ. ಕೊಂಕಣಿ ಮಾತಾಡುವವರು, ಕನ್ನಡ ಶಾಲೆಯಲ್ಲಿ ಕಲಿತವರು, ಮರಾಠಿಯ ಜಯಘೋಷದೊಂದಿಗೆ ಕಡಲಿಗೆ ಹೋಗಿ ಬರಬಹುದು. 1966ರಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರ ವಿರುದ್ಧದ ಮಾತು ಏರಿ, ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿದ್ದ ಕಾಲದಲ್ಲೂ ವರ್ಷ ವರ್ಷ ಈ ಉತ್ಸವ ನಡೆದುಕೊಂಡೇ ಬಂತು.

ಐದು ದಿನ

ಮುಂಬಯಿಯ ಹೆಚ್ಚಿನ ಸಾರ್ವಜನಿಕ ಗಣಪಗಳು ಅನಂತ ಚತುರ್ದಶಿಯವರೆಗೆ ಕೂರುತ್ತವೆ. ಕಿಂಗ್ಸ್ ಸರ್ಕಲ್‌ನದ್ದು ಐದೇ ದಿನ. ಮೂರ್ತಿ ಮಣ್ಣಿನದು. ಪ್ಲಾಸ್ಟರ್ ಮೂರ್ತಿಗಳ ಬಗ್ಗೆ ನ್ಯಾಯಾಲಯಗಳಲ್ಲಿ ವಾದ ನಡೆಯುವುದಕ್ಕೆ ಬಹಳ ಮುಂಚೆಯೇ ಇಲ್ಲಿ ಅದು ರೂಢಿ. ಸಿನಿಮಾ ಹಾಡಿಲ್ಲ, ಭಜನೆ ಮತ್ತು ವಾದ್ಯ. ಬೆಳಗಿನಿಂದ ರಾತ್ರಿಯವರೆಗೆ ಒಂದರ ಹಿಂದೆ ಒಂದು ಸೇವೆ. ಮೊದಲ ಸಲ ಹೋದವರ ಕಣ್ಣಿಗೆ ಬೀಳುವುದು ಮೈತುಂಬ ಬಂಗಾರ. ಕರಾವಳಿಯ ದೇವಸ್ಥಾನ ನೋಡಿದವರ ಗಮನ ಮಾತ್ರ ತುಲಾಭಾರದ ತಕ್ಕಡಿಯ ಕಡೆ ಹೋಗುತ್ತದೆ. ಒಂದು ತಟ್ಟೆಯಲ್ಲಿ ಹರಕೆ ಹೊತ್ತವರು, ಇನ್ನೊಂದರಲ್ಲಿ ತೆಂಗಿನಕಾಯಿ, ಅಕ್ಕಿ, ಬೆಲ್ಲ ಅಥವಾ ಸಕ್ಕರೆ. ದೇವರಿಗೆ ತೂಗಿದ್ದು ಊಟದ ಎಲೆಗೆ ಮರಳಿ ಬರುವ ವ್ಯವಸ್ಥೆ ಇದು. ಮಧ್ಯಾಹ್ನ ಸಾಲಿನಲ್ಲಿ ಕೂತವರಿಗೆ ಬಾಳೆಲೆ ಹಾಕಿ ಅನ್ನ, ದಾಳಿತೋಯ್ ಬಡಿಸುತ್ತಾರೆ.

ಪ್ರತಿವರ್ಷ ಪತ್ರಿಕೆಗಳು ಈ ಗಣಪನನ್ನು ಮುಂಬಯಿಯ ಅತಿ ಶ್ರೀಮಂತ ಗಣಪ ಎಂದು ಕರೆಯುತ್ತವೆ. ತಲೆಬರಹಕ್ಕೆ ಸಿಗುವುದು ವಿಮೆಯ ಮೊತ್ತ. 2022ರಲ್ಲಿ ಅದು 316.40 ಕೋಟಿ ರೂಪಾಯಿ, 2024ರಲ್ಲಿ 400.58 ಕೋಟಿ, 2025ರಲ್ಲಿ 474.46 ಕೋಟಿ. ಓದಿದವರಿಗೆ ಅಷ್ಟೂ ಬಂಗಾರದ ಬೆಲೆ ಎನಿಸುತ್ತದೆ. ಲೆಕ್ಕ ಬಿಡಿಸಿ ನೋಡಿದರೆ ಹಾಗಿಲ್ಲ. 2025ರ ಮೊತ್ತದಲ್ಲಿ ಒಡವೆಗಳ ಪಾಲು 67.03 ಕೋಟಿ. ಅದರ ಐದು ಪಟ್ಟಿಗೂ ಹೆಚ್ಚು, 375 ಕೋಟಿ, ಅಪಘಾತ ವಿಮೆ: ಸ್ವಯಂಸೇವಕರು, ಪುರೋಹಿತರು, ಅಡುಗೆಯವರು, ಕಾವಲಿನವರು, ಚಪ್ಪಲಿ ಕಾಯುವವರು ಇವರಿಗಾಗಿ. ಇನ್ನು 30 ಕೋಟಿ, ಬಂದ ಜನರಿಗೆ ಏನಾದರೂ ಆದರೆ ಎಂದು. ಉಳಿದದ್ದು ಬೆಂಕಿ, ಜಾಗ ಇತ್ಯಾದಿಗೆ.

ಈ ವಿಂಗಡಣೆಯಲ್ಲಿ ಆ ಉತ್ಸವದ ಚರಿತ್ರೆಯೇ ಅಡಗಿದೆ. ಮಂಡಲ ಎಂದರೆ ಮೂಲತಃ ಒಬ್ಬರಿಗೊಬ್ಬರು ಆಗುವ ಏರ್ಪಾಡು. ಅನಾರೋಗ್ಯ, ವಿದ್ಯಾಭ್ಯಾಸ, ಸಾವು ಇವುಗಳಿಗೆ ಸರಕಾರವೂ ಕಂಪನಿಯೂ ಒದಗದಿದ್ದ ಕಾಲದಲ್ಲಿ ಹಬ್ಬದ ರಸೀದಿ ಪುಸ್ತಕವೇ ಸಮುದಾಯದ ನಿಧಿ. ಚೌತಿಗೆ ಐದು ರೂಪಾಯಿ ಕೊಟ್ಟವನ ಹೆಸರು, ವಿಳಾಸ ಪುಸ್ತಕದಲ್ಲಿ ದಾಖಲಾಗುತ್ತದೆ. ಮರುವರ್ಷ ಆತ ಬರದಿದ್ದರೆ ಯಾರೋ ವಿಚಾರಿಸುತ್ತಾರೆ. ಗೋಕುಲದ ಬಿ.ಎಸ್.ಕೆ.ಬಿ. ಅಸೋಸಿಯೇಶನ್ ನೆರೂಲ್‌ನಲ್ಲಿ ಹಿರಿಯರಿಗಾಗಿ ಆಶ್ರಯ ಎಂಬ ನಿವಾಸ ನಡೆಸುವುದೂ ಇದೇ ದಾರಿಯಲ್ಲಿ ಮುಂದಿಟ್ಟ ಹೆಜ್ಜೆ. ಹಬ್ಬಕ್ಕೆಂದು ಸೇರಿದವರು ಮುದುಕರಾದರು. ಮಕ್ಕಳು ದೂರ ಹೋದರು. ನೋಡಿಕೊಳ್ಳುವ ಕೆಲಸ ಸಂಘಕ್ಕೆ ಬಂತು.

ಎರಡು ಅಷ್ಟಮಿ

ಗಣಪತಿ ಮುಂಬಯಿಗೂ ಊರಿಗೂ ಒಂದೇ ದಿನ ಬರುತ್ತಾನೆ. ಕೃಷ್ಣ ಹಾಗಲ್ಲ.

ಮುಂಬಯಿಯಲ್ಲಿ ಗೋಕುಲಾಷ್ಟಮಿ ಚಾಂದ್ರಮಾನದ್ದು. ಮರುದಿನ ದಹಿಹಂಡಿ. ಗೋವಿಂದರ ತಂಡಗಳು ಲಾರಿಯೇರಿ ಊರು ಸುತ್ತುತ್ತವೆ, ಮಾನವ ಗೋಪುರದ ಎತ್ತರಕ್ಕೆ ತಕ್ಕ ಬಹುಮಾನ. 2022ರಲ್ಲಿ ಮಹಾರಾಷ್ಟ್ರ ಸರಕಾರ ಇದಕ್ಕೆ ಸಾಹಸ ಕ್ರೀಡೆಯ ಮಾನ್ಯತೆಯನ್ನೂ ಕೊಟ್ಟಿತು. ಉಡುಪಿಯ ಕೃಷ್ಣಮಠದ ಲೆಕ್ಕ ಬೇರೆ: ಅದು ಸೌರಮಾನ. ಸೂರ್ಯ ಸಿಂಹರಾಶಿಯಲ್ಲಿರುವ ತಿಂಗಳಲ್ಲಿ, ತುಳುವರ ಸೋಣದಲ್ಲಿ, ಅಷ್ಟಮಿ ಬರಬೇಕು. ಕೆಲವು ವರ್ಷ ಎರಡೂ ಒಂದೇ ದಿನ ಬೀಳುತ್ತವೆ, ಕೆಲವು ವರ್ಷ ತಿಂಗಳಷ್ಟು ದೂರವಾಗುತ್ತವೆ. 2025ರಲ್ಲಿ ಮುಂಬಯಿಯ ಮಡಕೆಗಳು ಒಡೆದದ್ದು ಆಗಸ್ಟ್ 16ಕ್ಕೆ; ಉಡುಪಿಯಲ್ಲಿ ಜನ್ಮಾಷ್ಟಮಿ ಸೆಪ್ಟೆಂಬರ್ 14ಕ್ಕೆ, ವಿಟ್ಲಪಿಂಡಿ 15ಕ್ಕೆ.

ಸೌರಮಾನ ಪಾಲಿಸುವ ಸಯನ್‌ನ ಮನೆಯಲ್ಲಿ ಹೀಗಾದಾಗ ಒಂದು ವಿಚಿತ್ರ ಪರಿಸ್ಥಿತಿ. ಕಚೇರಿಗೆ ರಜೆ ಇರುವುದು ಊರಿನವರಿಗೆಲ್ಲ ಇರುವ ದಿನ. ಉಪವಾಸ, ಅರ್ಘ್ಯ, ಉಂಡೆ-ಚಕ್ಕುಲಿ ಇರುವುದು ರಜೆಯಿಲ್ಲದ ಇನ್ನೊಂದು ದಿನ. ಮಕ್ಕಳು ಕೇಳುವ ಪ್ರಶ್ನೆಗೆ, ಕೃಷ್ಣ ಎರಡು ಸಲ ಹುಟ್ಟಿದನೇ ಎಂಬುದಕ್ಕೆ, ಉತ್ತರಿಸಬೇಕಾದರೆ ದೊಡ್ಡವರು ಸೂರ್ಯ-ಚಂದ್ರರ ಲೆಕ್ಕ ವಿವರಿಸಬೇಕು, ಸೋಣ ಎಂಬ ಶಬ್ದ ಹೇಳಬೇಕು. ಅಲ್ಲಿಗೆ ಊರು ಎಂಬುದು ಮಕ್ಕಳ ಪಾಲಿಗೆ ಬೇಸಗೆ ರಜೆಯ ಜಾಗವಷ್ಟೇ ಆಗಿ ಉಳಿಯದೆ, ಕಾಲವನ್ನು ಬೇರೆ ರೀತಿ ಎಣಿಸುವ ಒಂದು ಜಾಗವಾಗುತ್ತದೆ.

ಸೋಣಕ್ಕೂ ಹಿಂದಿನ ತಿಂಗಳು ಆಟಿ. ಊರಲ್ಲಿ ಆಟಿ ಎಂದರೆ ಬಡತನದ ತಿಂಗಳು. ಹಳೆಯ ಭತ್ತ ಮುಗಿದಿದೆ, ಹೊಸತು ಬಂದಿಲ್ಲ, ಹೊರಗೆ ಬಿಡದ ಮಳೆ. ಮದುವೆ-ಮುಂಜಿ ಇಲ್ಲ. ತಿನ್ನುವುದು ತಜಂಕಿನ ಸೊಪ್ಪು, ಕಣಿಲೆ, ಕೆಸುವಿನೆಲೆಯ ಪತ್ರೊಡೆ. ಅಮಾವಾಸ್ಯೆಗೆ ಪಾಲೆಮರದ ತೊಗಟೆಯ ಕಹಿ ಕಷಾಯ. ಇದೇ ಆಟಿ ಮುಂಬಯಿಯ ತುಳು ಸಂಘಗಳಲ್ಲಿ ಈಚಿನ ದಶಕಗಳಲ್ಲಿ ಆಟಿಡೊಂಜಿ ದಿನ ಎಂಬ ಕಾರ್ಯಕ್ರಮವಾಗಿದೆ. ಸಭಾಂಗಣದಲ್ಲಿ ಉದ್ದ ಮೇಜು, ಮನೆಮನೆಯಿಂದ ಮಾಡಿ ತಂದ ಹತ್ತಾರು ತಿನಿಸು. ಹಸಿವಿನ ತಿಂಗಳು ಊಟದ ಹಬ್ಬವಾದದ್ದನ್ನು ನೋಡಿ ಹಿರಿಯರು ನಗುವುದುಂಟು. ಆ ನಗು ನ್ಯಾಯವೇ. ಆದರೂ ಯಾವುದನ್ನು ತಿಂದು ಬದುಕಿದೆವು ಎಂಬುದರ ನೆನಪು ಹೀಗಾದರೂ ಮೇಜಿನ ಮೇಲೆ ಬರುತ್ತಿದೆ.

ರಂಗದ ಮೇಲಿನ ಕನ್ನಡ

ಮಳೆಗಾಲ ಇನ್ನೊಂದು ಉಪಕಾರ ಮಾಡಿತು. ತುಳುನಾಡಿನಲ್ಲಿ ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಶುರುವಾಗುವುದು ದೀಪಾವಳಿಯ ಸುಮಾರಿಗೆ. ನಡುವಿನ ತಿಂಗಳುಗಳಲ್ಲಿ ಕಲಾವಿದರಿಗೆ ಕೆಲಸವಿಲ್ಲ. ಬಯಲಿನಲ್ಲಿ ಆಟ ಆಡಲಾಗದ ಈ ತಿಂಗಳುಗಳೇ ಮುಂಬಯಿಯ ಹಬ್ಬದ ತಿಂಗಳುಗಳು. ಅಲ್ಲಿ ಸಭಾಂಗಣಗಳಿವೆ, ಪ್ರೇಕ್ಷಕರಿದ್ದಾರೆ, ಸಂಘಗಳಿವೆ. ಹೀಗೆ ಕಲಾವಿದರ ತಂಡಗಳು ಮಳೆಗಾಲದ ಪ್ರವಾಸಕ್ಕೆ ಮುಂಬಯಿಗೆ ಬರುವ ಪದ್ಧತಿ ಬೆಳೆಯಿತು. ಆಟ, ತಾಳಮದ್ದಳೆ ಎರಡೂ ಊರಿನಲ್ಲಿ ನಿಂತ ಕಾಲಕ್ಕೆ ಇಲ್ಲಿ ನಡೆಯುತ್ತವೆ.

ಸಯನ್ ಭಾಗದ ಹಬ್ಬಗಳಲ್ಲಿ ಕನ್ನಡಕ್ಕೆ ಎಂಥ ಸ್ಥಾನವಿದೆ ಎಂಬುದು ಇಲ್ಲಿ ತಿಳಿಯುತ್ತದೆ. ಕರಾವಳಿಯಿಂದ ಬಂದ ಹೆಚ್ಚಿನವರ ಮನೆಮಾತು ಕನ್ನಡವಲ್ಲ. ತುಳು ಅಥವಾ ಕೊಂಕಣಿ. ಕನ್ನಡ ಅವರಿಗೆ ಶಾಲೆಯ ಭಾಷೆ, ಪತ್ರದ ಭಾಷೆ, ಸಭೆಯ ಭಾಷೆ. ಬಂಟನೂ ಕೊಂಕಣಿಯೂ ಒಂದೇ ವೇದಿಕೆಯಲ್ಲಿ ಕೂತಾಗ ಇಬ್ಬರಿಗೂ ಆಗುವ ಭಾಷೆ. ಆಮಂತ್ರಣ ಪತ್ರಿಕೆ ಕನ್ನಡದಲ್ಲಿ ಅಚ್ಚಾಗುತ್ತಿತ್ತು, ಸ್ವಾಗತ ಭಾಷಣ ಕನ್ನಡದಲ್ಲಾಗುತ್ತಿತ್ತು, ಅರ್ಥಧಾರಿಗಳು ಒಂದೂ ಇಂಗ್ಲಿಷ್ ಶಬ್ದ ಬೆರೆಸದೆ ಕನ್ನಡದಲ್ಲಿ ವಾದಿಸುತ್ತಿದ್ದರು. ಜಾತಿಯ ಚಪ್ಪರಗಳು ಬೇರೆ ಬೇರೆಯಾಗಿದ್ದ ಊರಿನಲ್ಲಿ ಎಲ್ಲರಿಗೂ ಸೇರಿದ ಒಂದು ಚಪ್ಪರವಿದ್ದರೆ ಅದು ಈ ಭಾಷೆ.

ಅದನ್ನು ಉಳಿಸಿದ್ದು ಶಾಲೆ. ಹಗಲು ಹೊಟೇಲಿನಲ್ಲಿ ದುಡಿದ ಹುಡುಗರಿಗೆಂದು ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳಿದ್ದವು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಆದರೆ ಮಕ್ಕಳ ಸಂಖ್ಯೆ ಇಳಿಯುತ್ತಾ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚಿವೆ. ಮನೆಮಾತಿಗೆ ಮನೆ ಸಾಕು. ಅಜ್ಜಿ ಇರುವವರೆಗೆ ತುಳು, ಕೊಂಕಣಿ ಹೇಗೋ ನಡೆಯುತ್ತವೆ. ಶಾಲೆಯಲ್ಲಿ ಕಲಿಯಬೇಕಾದ ಭಾಷೆ ಶಾಲೆಯೊಂದಿಗೇ ಹೋಗುತ್ತದೆ. ಹೀಗಾಗಿ ಹಬ್ಬದ ಎಲ್ಲ ಭಾಗಗಳಲ್ಲಿ ಮೊದಲು ಸಡಿಲವಾಗುವುದು ಕನ್ನಡ. ಪೂಜೆಗೆ ಅದು ಬೇಡ, ಊಟಕ್ಕೆ ಬೇಡ, ಮೆರವಣಿಗೆಗೆ ಬೇಡ. ಆಟದ ಎದುರು ಕೂತ ಹೊತ್ತು ಮಾತ್ರ ಅದು ಬೇಕು.

ಹೋಗಬಹುದಾದ ಮೇಲೆ

1998ರ ನಂತರ ಚೌತಿಗೆ ಊರಿಗೆ ಹೋಗುವುದು ಸಾಧ್ಯವಾಯಿತು. ಹಡಗಿನ ಕಾಲದ ಕಾರಣ ಹೋಯಿತು. ಹಬ್ಬವೂ ಇಳಿಯಬೇಕಾಗಿತ್ತು, ಇಳಿಯಲಿಲ್ಲ. 2020ರ ಕೊರೊನಾ ಕಾಲದಲ್ಲಿ ಲಾಲ್‌ಬಾಗ್‌ನವರು ಮೂರ್ತಿ ಕೂರಿಸದೆ ರಕ್ತದಾನ, ಪ್ಲಾಸ್ಮಾದಾನದ ಶಿಬಿರ ನಡೆಸಿದರು. ವಡಾಲದವರು ಆ ವರ್ಷದ ಉತ್ಸವವನ್ನು 2021ರ ಫೆಬ್ರವರಿಯ ಮಾಘ ಚತುರ್ಥಿಗೆ ಮುಂದೂಡುವ ನಿರ್ಧಾರ ಪ್ರಕಟಿಸಿದರು. ಅಂದರೆ ಲೆಕ್ಕ ತಪ್ಪಬಾರದು, ಬೇಕಾದರೆ ತಿಂಗಳು ಬದಲಾಗಲಿ. ಊರಿಗೆ ಬದಲಿಯಾಗಿ ಕಟ್ಟಿಕೊಂಡದ್ದು ಅಷ್ಟರಲ್ಲಿ ತಾನೇ ಒಂದು ಊರಾಗಿತ್ತು. ಬೊರಿವಲಿ, ಡೊಂಬಿವಲಿ, ನವಿ ಮುಂಬಯಿಗಳಿಗೆ ಚದುರಿಹೋದವರು ವರ್ಷಕ್ಕೊಮ್ಮೆ ಮರಳಿ ಬರುವುದು ಅಲ್ಲಿಗೇ.

ನೋಡಬೇಕೆನಿಸಿದವರಿಗೆ ದಾರಿ ಸುಲಭ. ಹಾರ್ಬರ್ ಮಾರ್ಗದಲ್ಲಿ ಕಿಂಗ್ಸ್ ಸರ್ಕಲ್, ಮಧ್ಯ ರೈಲ್ವೆಯಲ್ಲಿ ಮಾಟುಂಗ ಅಥವಾ ಸಯನ್. ಕಿಂಗ್ಸ್ ಸರ್ಕಲ್‌ನ ಗಣಪನಿಗೆ ಚೌತಿಯಿಂದ ಐದನೆಯ ದಿನ ವಿಸರ್ಜನೆಯಾದ್ದರಿಂದ, ಹತ್ತು ದಿನವಿದೆ ಎಂದುಕೊಂಡು ಕೊನೆಗೆ ಹೋದವರಿಗೆ ಖಾಲಿ ಮೈದಾನ ಸಿಗುತ್ತದೆ. ಬೆಳಿಗ್ಗೆ ಬೇಗ ಹೋದರೆ ಸಾಲು ಚಿಕ್ಕದು. ದರ್ಶನ ಮುಗಿದ ಮೇಲೆ ಊಟ ಮಾಟುಂಗದಲ್ಲೂ ಆಗಬಹುದು. ಅದೇ ವಾರಗಳಲ್ಲಿ ಯಾವ ಸಭಾಂಗಣದಲ್ಲಿ ಯಕ್ಷಗಾನವಿದೆ ಎಂದು ಮುಂಬಯಿಯ ಕನ್ನಡ ಪತ್ರಿಕೆ ನೋಡಿ ತಿಳಿದುಕೊಂಡು ಹೋಗುವುದು ಒಳ್ಳೆಯದು. ಬಂಗಾರದ ಗಣಪನನ್ನು ನೋಡುವವರು ಲಕ್ಷಗಟ್ಟಲೆ ಇದ್ದಾರೆ. ಆಟದ ಸಭೆಯಲ್ಲಿ ಕುರ್ಚಿಗಳು ಖಾಲಿ ಇರುತ್ತವೆ.